ಕಪಾಟಿನ ಕಾಗದವೂ ಒಲೆಯ ಮೇಲಿನ ಅನ್ನವೂ

ರಾಯಚೂರಿನ ಯಾವುದಾದರೊಂದು ದೊಡ್ಡ ಹೊಟೇಲಿಗೆ ಹೋಗಿ ನೋಡಿರಿ. ಗಲ್ಲಾಪೆಟ್ಟಿಗೆಯ ಹಿಂದುಗಡೆ, ದೇವರ ಪಟದ ಮಗ್ಗುಲಲ್ಲಿ, ಕಟ್ಟು ಹಾಕಿಸಿದ ಪರವಾನಗಿ ಪತ್ರವೊಂದು ತೂಗುತ್ತಿರುತ್ತದೆ. ಅದರ ಮೇಲೆ ಹದಿನಾಲ್ಕು ಅಂಕೆಗಳ ಒಂದು ಸಂಖ್ಯೆ. ಆ ಪತ್ರವನ್ನು ಪಡೆಯುವಾಗ ಮಾಲಿಕರು ಸರಕಾರಕ್ಕೆ ಒಂದು ಕಡತವನ್ನೂ ಒಪ್ಪಿಸಿರುತ್ತಾರೆ. ಅದರ ಹೆಸರು ಆಹಾರ ಸುರಕ್ಷತಾ ಯೋಜನೆ. ನೀರು ಎಲ್ಲಿಂದ ಬರುತ್ತದೆ, ಏನೇನು ಬೇಯುತ್ತದೆ, ಬೆಂದದ್ದು ಎಷ್ಟು ಹೊತ್ತು ಎಲ್ಲಿ ಇರುತ್ತದೆ, ಯಾವ ಹಂತದಲ್ಲಿ ಅಪಾಯ ಒಳಹೊಕ್ಕೀತು, ಅದನ್ನು ತಡೆಯತಕ್ಕವರು ಯಾರು, ಇವೆಲ್ಲವೂ ಅದರಲ್ಲಿ ಬರೆದಿರಬೇಕು. ಬರೆದೂ ಇರುತ್ತದೆ. ಪರವಾನಗಿ ಕೈಗೆ ಬಂದ ದಿನವೇ ಆ ಕಡತ ಕಪಾಟು ಸೇರಿ ಬೀಗ ಹಾಕಿಸಿಕೊಳ್ಳುತ್ತದೆ.

ಆದರೆ ಅಡಿಗೆಮನೆಗೆ ಬೀಗವಿಲ್ಲ. ಅಲ್ಲಿ ನೀರು ಬದಲಾಗುತ್ತದೆ, ಅಕ್ಕಿ ಬದಲಾಗುತ್ತದೆ, ಅಡಿಗೆಯವರು ಬದಲಾಗುತ್ತಾರೆ, ಐವತ್ತು ಜನರ ಊಟ ಐನೂರು ಜನರದಾಗುತ್ತದೆ. ಒಲೆಯ ಬಳಿ ಇಷ್ಟೆಲ್ಲ ಬದಲಾಗುತ್ತಿರುವಾಗ ಕಪಾಟಿನ ಕಾಗದ ಬದಲಾಗತಕ್ಕದ್ದು ಯಾವಾಗ? ಪರವಾನಗಿಯ ನವೀಕರಣ ಬಂದಾಗ ಎಂಬುದು ಮಾಲಿಕರ ವಾಡಿಕೆ. ತಪಾಸಣೆಯ ದಿನ ಎಂಬುದು ಕಚೇರಿಗಳ ವಾಡಿಕೆ. ಎರಡೂ ಜನರ ಹೊಟ್ಟೆಗೆ ಅಪಾಯಕರವಾದ ವಾಡಿಕೆಗಳೆಂದು ನಾವು ಹೇಳುತ್ತೇವೆ. ಅಡಿಗೆಮನೆ ಬದಲಾದ ದಿನವೇ, ಎಲೆ ಹಾಕುವ ಮುಂಚೆಯೇ, ಯೋಜನೆಯೂ ಬದಲಾಗಬೇಕು. ಬದಲಾಗಿದೆ ಎಂದು ಮೊದಲು ಹೇಳುವ ಹಕ್ಕು ಒಲೆಯ ಮುಂದೆ ನಿಂತವರಿಗೆ ಇರಬೇಕು. ಈ ಲೇಖನದ ವಾದ ಇಷ್ಟೇ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ದಿನವೂ ಮೊದಲ ಗಂಟೆಗೆ ಹಾಜರಿ ಕರೆಯುತ್ತಿದ್ದೆವು. ಹೋದ ವರ್ಷದ ಹಾಜರಿ ಪುಸ್ತಕವನ್ನು ತೆರೆದು ಹೆಸರು ಕರೆಯುವ ಮಾಸ್ತರನನ್ನು ಊಹಿಸಿಕೊಳ್ಳಿರಿ. ತಾಯಿತಂದೆಯರೊಂದಿಗೆ ಗುಳೆ ಹೋದ ಹುಡುಗನ ಹೆಸರು ಪುಸ್ತಕದಲ್ಲಿ ಉಂಟು, ಮುಂದಿನ ಸಾಲಿನಲ್ಲಿ ಕೂತಿರುವ ಹೊಸ ಹುಡುಗಿಯ ಹೆಸರು ಇಲ್ಲ. ಅಕ್ಷರಗಳು ದುಂಡಗಿವೆ, ಗೆರೆಗಳು ನೆಟ್ಟಗಿವೆ, ಮೇಲೆ ಮುದ್ರೆಯೂ ಇದೆ. ಆದರೂ ಆ ಪುಸ್ತಕ ಸುಳ್ಳು ಹೇಳುತ್ತದೆ. ನಮ್ಮ ಹೊಟೇಲುಗಳ ಕಡತಗಳಲ್ಲಿ ಎಷ್ಟೋ ಇಂಥ ಹಳೆಯ ಹಾಜರಿ ಪುಸ್ತಕಗಳು.

ಮೊದಲು ನಮ್ಮ ತಪ್ಪು

ಬೇರೆಯವರ ಅಡಿಗೆಮನೆಗೆ ಇಣುಕುವ ಮೊದಲು ನಮ್ಮದನ್ನು ಹೇಳಿಬಿಡುತ್ತೇವೆ. ಎರಡು ವರ್ಷದ ಕೆಳಗೆ ಬೇಸಿಗೆಯಲ್ಲಿ ದೇವದುರ್ಗ ತಾಲೂಕಿನ ಒಂದು ಊರಿನಲ್ಲಿ ನಾವು ಕಾರ್ಯಕರ್ತರ ಶಿಬಿರವೊಂದನ್ನು ನಡೆಸಿದೆವು. ಅಂಥ ಶಿಬಿರಗಳಿಗೆ ಐವತ್ತು ಅರವತ್ತು ಜನ ಬರುವುದು ರೂಢಿ. ಆ ಸಲ ಮುನ್ನೂರು ಜನ ಬಂದರು. ನಮಗೆ ಹಿಗ್ಗೋ ಹಿಗ್ಗು. ಅಡಿಗೆಯ ಹೊಣೆ ಹೊತ್ತಿದ್ದ ಹಿರಿಯ ಹೆಣ್ಣುಮಗಳು ಮಾತ್ರ ಹಿಗ್ಗಲಿಲ್ಲ. ಬೆಳಗಿನ ಚಿತ್ರಾನ್ನಕ್ಕೆಂದು ರಾತ್ರಿಯೇ ಅನ್ನ ಮಾಡಿ ದೊಡ್ಡ ಹಂಡೆಯಲ್ಲಿ ಮುಚ್ಚಿಡಬೇಕೆಂದು ನಾವು ಹೇಳಿದಾಗ ಆಕೆ ಎದುರು ನಿಂತಳು.

“ಮಾಸ್ತರ್ರೇ, ಇಷ್ಟು ದೊಡ್ಡ ಹಂಡೇದಾಗ ಒಳಗಿನ ಕಾವು ಹೋಗಂಗಿಲ್ರೀ. ಪರಾತದಾಗ ಹರವಬೇಕು, ಇಲ್ಲಾ ಬೆಳಿಗ್ಗೆ ಎದ್ದು ಮಾಡಬೇಕು.”

“ಯಕ್ಕಾ, ಪರಾತ ಎಲ್ಲಿ ತರೂದು? ಹೋದ ವರ್ಷಾನೂ ನೀನ ಮಾಡಿದ್ದಿ, ಏನೂ ಆಗಲಿಲ್ಲ” ಎಂದೆವು ನಾವು.

“ಹೋದ ವರ್ಷ ಹಂಡೆ ಸಣ್ಣದಿತ್ತರೀ” ಎಂದಳು ಆಕೆ. ನಾವು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಚಿತ್ರಾನ್ನ ತಿಂದವರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಮಧ್ಯಾಹ್ನದೊಳಗೆ ವಾಂತಿ ಮಾಡಿಕೊಂಡು ನೆಲ ಹಿಡಿದರು. ಯಾರ ಪ್ರಾಣವೂ ಹೋಗಲಿಲ್ಲ, ಅದು ನಮ್ಮ ಪುಣ್ಯ. ವೈದ್ಯರು ಒಂದೇ ಮಾತಿನಲ್ಲಿ ಹೇಳಿದರು: ಅನ್ನ ಬಹಳ ಹೊತ್ತು ಬೆಚ್ಚಗೆ ಇತ್ತು.

ಇದರ ಹಿಂದಿನ ವಿಜ್ಞಾನ ಸರಳವಾದದ್ದು. ಹೊಲದ ಮಣ್ಣಿನಿಂದ ಅಕ್ಕಿಯ ಜೊತೆಗೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಬೀಜದಂಥ ಗಟ್ಟಿ ಕವಚದೊಳಗೆ ಅಡಗಿರುತ್ತದೆ. ಅನ್ನ ಕುದಿದರೂ ಅದು ಸಾಯುವುದಿಲ್ಲ. ಕುದಿದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಕವಚ ಬಿಚ್ಚಿ ಬೆಳೆದು ವಿಷ ಕಕ್ಕುತ್ತದೆ. ಆ ವಿಷ ಒಮ್ಮೆ ಹುಟ್ಟಿತೆಂದರೆ ಎಷ್ಟು ಒಗ್ಗರಣೆ ಹಾಕಿ ಹುರಿದರೂ ಹೋಗುವುದಿಲ್ಲ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಆದ್ದರಿಂದಲೇ ಬಿಸಿಯಾಗಿಡುವ ಅಡಿಗೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ ಇರಬೇಕೆಂದು ತಿಳಿದವರು ಹೇಳುವುದು. ನಡುವಿನದೆಲ್ಲ ಅಪಾಯದ ವಲಯ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ; ನಮ್ಮ ಅಡಿಗೆಮನೆಯ ಗಾಳಿಯೇ ಆ ವಲಯದೊಳಗಿದೆ.

ಅದೇ ಅಡಿಗೆಯಾಕೆ, ಅದೇ ಅಕ್ಕಿ, ಅದೇ ಒಲೆ. ಬದಲಾದದ್ದು ಹಂಡೆಯ ಗಾತ್ರವೊಂದೇ. ಆ ಬದಲಾವಣೆಯನ್ನು ಕಂಡವಳು ಆಕೆ, ಕಾಣದವರು ನಾವು, ತೀರ್ಮಾನ ಮಾಡಿದವರೂ ನಾವೇ. ಈ ಮೂರು ಮಾತುಗಳನ್ನು ಓದುಗರು ನೆನಪಿನಲ್ಲಿಡಬೇಕು.

ನೀರು ಬದಲಾದ ದಿನ

ಈಗ ನೀರಿನ ವಿಚಾರಕ್ಕೆ ಬರೋಣ. ಕೃಷ್ಣೆ ಒಂದು ಮಗ್ಗುಲು, ತುಂಗಭದ್ರೆ ಇನ್ನೊಂದು ಮಗ್ಗುಲು. ನಡುವೆ ನಮ್ಮ ಜಿಲ್ಲೆ. ಇಂಥ ದೋಆಬದಲ್ಲಿ ಕುಡಿಯುವ ನೀರಿನಿಂದ ಜನ ಸಾಯುತ್ತಾರೆಂದರೆ ಅದಕ್ಕಿಂತ ನಾಚಿಕೆಗೇಡು ಯಾವುದು? ಆದರೆ ಸತ್ತಿದ್ದಾರೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ನೀರು ಕುಡಿದು ಬಹು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಬಿಟ್ಟರು. ರಾಂಪುರದ ಜಲಶುದ್ಧಿ ಘಟಕವನ್ನು ವರ್ಷಗಟ್ಟಲೆ ಸ್ವಚ್ಛ ಮಾಡಿರಲಿಲ್ಲವೆಂದು ಆಗ ವರದಿಯಾಯಿತು. ಸರಕಾರ ತನಿಖೆಗೆ ಆಜ್ಞೆ ಮಾಡಿತು, ಪರಿಹಾರವನ್ನೂ ಘೋಷಿಸಿತು. ಮರುವರ್ಷ, 2023ರ ಮೇ ತಿಂಗಳಿನಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಕಥೆ. ಊರಿನವರು ಹತ್ತಾರು ಜನ ಹಾಸಿಗೆ ಹಿಡಿದರು, ಒಬ್ಬ ಬಾಲಕ ತೀರಿಕೊಂಡ.

ಈ ಎರಡು ಸಂದರ್ಭಗಳಲ್ಲಿ ನಗರಸಭೆಯ ಮೇಲೆ, ಪಂಚಾಯತಿಯ ಮೇಲೆ ಜನ ಸಿಟ್ಟಾದರು. ಅದು ನ್ಯಾಯವೇ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಲ್ಲಿಯ ನೀರು ಕೆಟ್ಟಿದೆಯೆಂದು ಊರಿಗೆಲ್ಲ ಗೊತ್ತಾದ ಆ ವಾರ ನಗರದ ಹೊಟೇಲು ಖಾನಾವಳಿಗಳಲ್ಲಿ ಎಷ್ಟು ಕಡತಗಳು ಕಪಾಟಿನಿಂದ ಹೊರಬಂದವು? ಕುದಿಸಿದ ಸಾರಿನಲ್ಲಿ ರೋಗಾಣು ಸತ್ತೀತು, ಒಪ್ಪೋಣ. ಅದೇ ನೀರಿನಲ್ಲಿ ತೊಳೆದ ಸೌತೆಕಾಯಿ, ಹಸಿ ಈರುಳ್ಳಿ, ಕೊತ್ತಂಬರಿ ಕುದಿಯುವುದಿಲ್ಲ. ಮಜ್ಜಿಗೆಗೆ ಬೆರೆಸಿದ ನೀರು ಕುದಿಯುವುದಿಲ್ಲ. ಊಟದ ತಟ್ಟೆ ಅದ್ದಿ ತೆಗೆದ ತೊಟ್ಟಿಯ ನೀರು ಕುದಿಯುವುದಿಲ್ಲ. “ಕುದಿಸಿದ ನೀರನ್ನೇ ಕೊಡುತ್ತೇವೆ” ಎಂದು ಲೋಟ ತೋರಿಸುವ ಮಾಲಿಕರು ಈ ಮೂರು ಜಾಗಗಳನ್ನು ತೋರಿಸಲಿ.

ಮಾನ್ವಿಯ ಒಂದು ಖಾನಾವಳಿಯ ಕಡತವನ್ನು ನಾವು ಕಣ್ಣಾರೆ ನೋಡಿದೆವು. ಮಾಲಿಕರು ಒಳ್ಳೆಯವರು, ನಮ್ಮ ಪರಿಚಯದವರು, ಹೆಸರು ಬೇಡ. ಕಡತದಲ್ಲಿ “ಪುರಸಭೆಯ ನಲ್ಲಿ ನೀರು” ಎಂದು ಬರೆದಿತ್ತು. ಹಿತ್ತಲಲ್ಲಿ ಟ್ಯಾಂಕರು ನಿಂತು ತೊಟ್ಟಿಗೆ ನೀರು ಬಿಡುತ್ತಿತ್ತು. ಕಾಲುವೆ ನಿಂತ ಮೇಲೆ ನಲ್ಲಿ ವಾರಕ್ಕೊಮ್ಮೆ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಟ್ಯಾಂಕರಿನವನು ಯಾವ ಹೊಲದ ಬೋರಿನಿಂದ ತುಂಬಿಕೊಂಡು ಬಂದನೆಂದು ಕೇಳಿದವರಿಲ್ಲ. ನಾವು ಕಡತವನ್ನೂ ತೊಟ್ಟಿಯನ್ನೂ ಒಟ್ಟಿಗೆ ತೋರಿಸಿದಾಗ ಮಾಲಿಕರು ನಕ್ಕರು.

“ಮಾಸ್ತರ್ರೇ, ಕಡತ ಬರೋಬ್ಬರಿ ಐತ್ರೀ. ನೀರು ಮಾತ್ರ ಬ್ಯಾರೆ.”

ಅವರು ತಮಾಷೆಗೆ ಹೇಳಿದರು. ನಮಗೆ ಅದು ಇಡೀ ಜಿಲ್ಲೆಯ ಆಹಾರ ಸುರಕ್ಷತೆಯ ಸ್ಥಿತಿಯನ್ನು ಒಂದೇ ವಾಕ್ಯದಲ್ಲಿ ಹೇಳಿದಂತಾಯಿತು. ಆ ಕಡತದ ಇನ್ನೊಂದು ಪುಟದಲ್ಲಿ ಮೀನು ತೊಳೆಯುವ ಜಾಗದ ವಿವರವೂ ಇತ್ತು. ಅದು ರೊಟ್ಟಿ ಪಲ್ಯದ ಶಾಕಾಹಾರಿ ಖಾನಾವಳಿ! ಎಲ್ಲಿಯೋ ಯಾರಿಗೋ ಬರೆದ ಯೋಜನೆಯನ್ನು ಮಧ್ಯವರ್ತಿಯೊಬ್ಬ ಹೆಸರು ತಿದ್ದಿ ಇವರಿಗೆ ಮಾರಿದ್ದ. ಬೇರೆಯವರ ಜಾತಕ ಓದಿ ತನ್ನ ಮದುವೆ ಗೊತ್ತುಮಾಡಿಕೊಂಡವನ ಹಾಗೆ.

ನಮ್ಮ ಜಿಲ್ಲೆಯಲ್ಲಿ ನೀರು ವರ್ಷಕ್ಕೊಮ್ಮೆ ಬದಲಾಗುವ ವಸ್ತುವಲ್ಲ. ಕಾಲುವೆಗೆ ನೀರು ಬಿಟ್ಟಾಗ ಒಂದು ನೀರು, ನಿಂತಾಗ ಇನ್ನೊಂದು, ಮೊದಲ ಮಳೆಗೆ ಹೊಳೆ ಕೆಂಪಾದಾಗ ಮತ್ತೊಂದು. ಬೋರಿನ ನೀರಿಗೆ ಹೋದರೆ ಫ್ಲೋರೈಡಿನ ಕಾಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಕೆಳಗಿನ ರೈತರು ಆಗ ತಮ್ಮ ನೀರಿನ ಲೆಕ್ಕವನ್ನು ಮತ್ತೆ ಹಾಕಿದರು. ಎರಡು ಎಕರೆಯ ರೈತ ಹಾಕುವ ಈ ಲೆಕ್ಕವನ್ನು ನೂರಾರು ಜನರಿಗೆ ಉಣಬಡಿಸುವ ಹೊಟೇಲು ಹಾಕಲಾರದೇ? ಟ್ಯಾಂಕರು ಹಿತ್ತಲಿಗೆ ಬಂದ ದಿನವೇ ಬರೆಯಬೇಕಾದದ್ದು ನಾಲ್ಕು ಸಾಲು: ನೀರು ಎಲ್ಲಿಯದು, ಪರೀಕ್ಷೆಯಾಗಿದೆಯೇ, ಕ್ಲೋರಿನ್ ಹಾಕಿದವರು ಯಾರು, ಹಸಿಯಾಗಿ ತಿನ್ನುವುದನ್ನು ತೊಳೆಯಲು ಯಾವ ನೀರು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಎರಡು ಹನಿ ದ್ರಾವಣ ಹಾಕಿ ಬಣ್ಣ ನೋಡುವ ಆ ಪರೀಕ್ಷೆಯನ್ನು ಏಳನೆಯ ಇಯತ್ತೆಯ ಹುಡುಗನೂ ಮಾಡಬಲ್ಲ.

ರೊಟ್ಟಿಯ ಊರಿಗೆ ಅನ್ನ ಬಂದಾಗ

ಇನ್ನು ತಿನಿಸಿನ ವಿಚಾರ. ನಮ್ಮ ಹಿರಿಯರ ಬುತ್ತಿಯಲ್ಲಿ ಇರುತ್ತಿದ್ದದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಜೋಳದ ಕಟಕ ರೊಟ್ಟಿಯಲ್ಲಿ ನೀರಿನ ಅಂಶವೇ ಇಲ್ಲ. ರೋಗಾಣು ಬೆಳೆಯಲು ತೇವ ಬೇಕು. ವಾರ ಇಟ್ಟರೂ ಕೆಡದ ಆ ಅಡಿಗೆಯ ಹಿಂದೆ ಬರೆದಿಡದ ಒಂದು ಸುರಕ್ಷತಾ ಯೋಜನೆ ಇತ್ತು. ಅದು ನಮ್ಮ ಅಜ್ಜಿಯರ ಕೈಯಲ್ಲಿತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆಯ ನೀರು ಹರಿದಲ್ಲೆಲ್ಲ ಬತ್ತ ಬಂತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಹೊಲ ಬದಲಾಯಿತು, ತಟ್ಟೆಯೂ ಬದಲಾಯಿತು. ರೊಟ್ಟಿಯ ಖಾನಾವಳಿಗಳು ಅನ್ನ ಸಾರಿನ ಹೊಟೇಲುಗಳಾದವು. ಸಂಜೆಯಾದರೆ ಬಸ್ ನಿಲ್ದಾಣದ ಸುತ್ತ ಎಗ್ ರೈಸು, ಗೋಬಿ ಮಂಚೂರಿ. ಇದನ್ನು ನಾವು ಹಳಿಯುವುದಿಲ್ಲ. ಬಡವನ ಮಗನಿಗೂ ಅನ್ನ ಸಿಕ್ಕಿತಲ್ಲ, ಒಳ್ಳೆಯದೇ. ಆದರೆ ರೊಟ್ಟಿಯ ಜ್ಞಾನದಿಂದ ಅನ್ನವನ್ನು ಕಾಯಲಾಗದು. ರಾತ್ರಿ ಮಿಕ್ಕ ರೊಟ್ಟಿ ಬೆಳಿಗ್ಗೆ ಬುತ್ತಿಯಾಗುತ್ತದೆ. ರಾತ್ರಿ ಮಿಕ್ಕ ಅನ್ನ ಹಂಡೆಯಲ್ಲೇ ಉಳಿದರೆ ಬೆಳಿಗ್ಗೆ ವಿಷವಾಗಬಹುದು. ಹೊಸ ತಿನಿಸು ಪಟ್ಟಿಗೆ ಸೇರಿದ ದಿನ ಹೊಸ ಅಪಾಯವೂ ಸೇರುತ್ತದೆ. ಮೊಟ್ಟೆ ಬಂದರೆ ಒಡಕು ಮೊಟ್ಟೆಯ ವಿಚಾರ ಬರೆಯಬೇಕು. ಕೋಳಿ ಬಂದರೆ ಹಸಿ ಮಾಂಸ ಕಡಿದ ಈಳಿಗೆ ಸೌತೆಕಾಯಿಗೆ ತಾಗದಂತೆ ಬೇರೆ ಮಣೆ, ಬೇರೆ ಚಾಕು ಗೊತ್ತುಮಾಡಬೇಕು. ಮಂಜುಗಡ್ಡೆ ಹಾಕಿದ ಹಣ್ಣಿನ ರಸ ಬಂದರೆ ಮಂಜುಗಡ್ಡೆ ಯಾವ ನೀರಿನದೆಂದು ಕೇಳಬೇಕು.

ಸರಕಾರದ ಅಡಿಗೆಮನೆಯೂ ಈ ನಿಯಮಕ್ಕೆ ಹೊರತಲ್ಲ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2021ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದಾಗಲೂ ನಮ್ಮ ಜಿಲ್ಲೆ ಮೊದಲ ಸಾಲಿನಲ್ಲಿತ್ತು. ಮೊಟ್ಟೆ ಕೊಡಬೇಕೋ ಬೇಡವೋ ಎಂದು ಮಠಮಂದಿರಗಳಿಂದ ವಿಧಾನಸೌಧದವರೆಗೆ ಚರ್ಚೆ ನಡೆಯಿತು. ಮಕ್ಕಳಿಗೆ ಮೊಟ್ಟೆ ಬೇಕೆಂಬುದೇ ನಮ್ಮ ಮತ. ಆದರೆ ಇನ್ನೂರು ಮೊಟ್ಟೆಗಳನ್ನು ಬೇಯಿಸಲು ಪಾತ್ರೆ ಯಾವುದು, ಸುಲಿಯುವ ಕೈ ಯಾವುದು, ಸುಲಿದದ್ದು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಆ ಗದ್ದಲದಲ್ಲಿ ಎಷ್ಟು ಜನ ಕೇಳಿದರು? ತತ್ತ್ವದ ಜಗಳಕ್ಕೆ ದೊಡ್ಡವರು ಬಂದರು. ಸೌಟು ಹಿಡಿದವಳು ಒಬ್ಬಳೇ ಉಳಿದಳು.

ಕಾನೂನು ಬದಲಾದಾಗಲೂ ಕಡತ ಬದಲಾಗಬೇಕು. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ರೋಡಮಿನ್ ಬಿ ಎಂಬ ಬಣ್ಣ ಬೆರೆತ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು; ಜೂನಿನಲ್ಲಿ ಕಬಾಬಿನ ಬಣ್ಣವನ್ನೂ ನಿಷೇಧಿಸಿತು. ಅಂಥ ಆಜ್ಞೆ ಪತ್ರಿಕೆಯಲ್ಲಿ ಬಂದ ದಿನ ಅಂಗಡಿಯ ಬಣ್ಣದ ಡಬ್ಬಿ ಹೊರಗೆ ಹೋಗಬೇಕು, ಹೋಯಿತೆಂದು ಬರೆದಿಡಬೇಕು. ಮುಂದಿನ ನವೀಕರಣದವರೆಗೆ ಕಾಯುವವನು ಡಬ್ಬಿ ಖಾಲಿಯಾಗುವವರೆಗೆ ಕಾಯುತ್ತಾನೆ.

ಉಳಿದವನ್ನು ಬೇಗ ಹೇಳಿಬಿಡೋಣ. ತಂಪು ಪೆಟ್ಟಿಗೆ ಕೆಟ್ಟರೆ, ಕರೆಂಟು ಗಂಟೆಗಟ್ಟಲೆ ಹೋದರೆ, ಹಿತ್ತಲಿನ ಚರಂಡಿ ಒಡೆದರೆ ಕಡತ ತೆರೆಯಬೇಕು. ಹಳೆಯ ಅಡಿಗೆಯವನು ಬಿಟ್ಟು ಹೋಗಿ ಹೊಸಬ ಬಂದರೆ, ಸುಗ್ಗಿಗೆಂದು ಅರ್ಧ ಆಳುಗಳು ಊರಿಗೆ ಹೋದರೆ, ಬಡಿಸುವ ಹುಡುಗನಿಗೆ ಭೇದಿ ಹಿಡಿದರೆ ತೆರೆಯಬೇಕು. ಮದುವೆಯ ಆರ್ಡರು ಬಂದರೆ, ಮಂತ್ರಾಲಯದ ಆರಾಧನೆಗೆ ಹೋಗುವ ಜನ ರಾಯಚೂರು ನಿಲ್ದಾಣದಲ್ಲಿ ಇಳಿದು ಊಟದ ಸಂಖ್ಯೆ ಎರಡರಷ್ಟಾದರೆ ತೆರೆಯಬೇಕು. ಎಣ್ಣೆ, ಹಿಟ್ಟು, ಹಾಲು ಕೊಡುವ ಅಂಗಡಿ ಬದಲಾದರೆ ತೆರೆಯಬೇಕು. ಉಂಡವನೊಬ್ಬ ಹೊಟ್ಟೆ ಕೆಟ್ಟಿತೆಂದು ದೂರಿದರೆ ಅಂದೇ ತೆರೆಯಬೇಕು. ಇವಾವುದೂ ಆಗದಿದ್ದರೂ ವರ್ಷಕ್ಕೊಮ್ಮೆ ತೆರೆದು ಓದಬೇಕು. ಏಕೆಂದರೆ ಏನೂ ಬದಲಾಗಿಲ್ಲವೆಂದು ಹೇಳುವ ಅಡಿಗೆಮನೆಯಲ್ಲಿ ಯಾರೂ ನೋಡಿಲ್ಲವೆಂಬುದೇ ಹೆಚ್ಚಾಗಿ ನಿಜವಾಗಿರುತ್ತದೆ.

ಈ ಮಾತು ನಮ್ಮ ಸ್ವಂತದ್ದಲ್ಲ. ಅಪಾಯದ ಹಂತವನ್ನು ಮೊದಲೇ ಗುರುತಿಸಿ ಅಲ್ಲಿಯೇ ತಡೆಯುವ ಈ ಪದ್ಧತಿ 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಊಟಕ್ಕಾಗಿ ಹುಟ್ಟಿತು. ಆಕಾಶದಲ್ಲಿ ವಾಂತಿಯಾದರೆ ಆಸ್ಪತ್ರೆಯಿಲ್ಲವಲ್ಲ! ಅದು 1993ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯನ್ನು ಸೇರಿತು. ಬದಲಾವಣೆಯಾದಾಗಲೆಲ್ಲ ಯೋಜನೆಯನ್ನು ಮರುಪರಿಶೀಲಿಸತಕ್ಕದ್ದು ಎಂಬುದು ಆ ಪದ್ಧತಿಯ ಜೀವಾಳ. ಗಗನಯಾತ್ರಿಯ ಹೊಟ್ಟೆಗೆ ಸಲ್ಲುವ ಎಚ್ಚರ ಹತ್ತಿ ಮಾರುಕಟ್ಟೆಯ ಹಮಾಲನ ಹೊಟ್ಟೆಗೆ ಸಲ್ಲಬಾರದೆಂದು ಯಾವ ಶಾಸ್ತ್ರ ಹೇಳುತ್ತದೆ?

ಹೇಳುವವರು ಯಾರು, ಕೇಳುವವರು ಯಾರು?

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಊರಿನ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಎಣ್ಣೆ ಸರಿಯಿಲ್ಲವೆಂದು ಅಡಿಗೆಯಾಕೆ ಹೇಳಿದ್ದಳೆಂದೂ ಅವಳ ಮಾತು ನಡೆಯಲಿಲ್ಲವೆಂದೂ ಆಗ ವರದಿಯಾಯಿತು. ಮೊನೊಕ್ರೊಟೊಫಾಸ್ ಎಂದರೆ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ರೈತರಿಗೆ ಅಪರಿಚಿತ ಹೆಸರಲ್ಲ. ಖಾಲಿ ಔಷಧಿ ಡಬ್ಬಿಯನ್ನು ತೊಳೆದು ನೀರಿಗೋ ಎಣ್ಣೆಗೋ ಬಳಸಿದ ಮನೆಗಳನ್ನು ದೇವದುರ್ಗ ಮಾನ್ವಿಗಳಲ್ಲಿ ನಾವೇ ನೋಡಿದ್ದೇವೆ. ಬಿಹಾರ ಬಹಳ ದೂರವಿಲ್ಲ.

ಯೋಜನೆ ಯಾವಾಗ ಬದಲಾಗಬೇಕೆಂಬ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಬದಲಾವಣೆಯ ಮೊದಲ ಸುಳಿವು ಸಿಗುವುದು ಕಚೇರಿಗಲ್ಲ, ಮಾಲಿಕನಿಗಲ್ಲ. ಎಣ್ಣೆಯ ವಾಸನೆ ಹಿಡಿಯುವವಳು ಅಡಿಗೆಯಾಕೆ. ನೀರಿನ ಬಣ್ಣ ಕಾಣುವವನು ತಟ್ಟೆ ತೊಳೆಯುವ ಹುಡುಗ. ಆದರೆ ಕಡತ ಬರೆದವರು ಅವರನ್ನು ಕೇಳಿಲ್ಲ. ಅದರ ಭಾಷೆಯೂ ಎಷ್ಟೋ ಸಲ ಇಂಗ್ಲಿಷು. ತಪ್ಪು ಕಂಡರೂ ಬಾಯಿ ಬಿಟ್ಟರೆ ನಾಳೆ ಕೆಲಸವಿಲ್ಲವೆಂಬ ಭಯ. ದಿನಗೂಲಿಯವನಿಗೆ ಜ್ವರ ಬಂದರೆ ರಜೆಯಿಲ್ಲ. ಆದ್ದರಿಂದ ಜ್ವರವನ್ನು ಮುಚ್ಚಿಟ್ಟು ಅನ್ನ ಬಡಿಸುತ್ತಾನೆ. ಶಾಲೆಯ ಬಿಸಿಯೂಟದ ತಾಯಂದಿರಿಗೆ 2009ರಲ್ಲಿ ಕೇಂದ್ರ ಗೊತ್ತುಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ಸಂಬಳವೆಂದಲ್ಲ, ಗೌರವಧನವೆಂದು. ಹೆಸರಿನಲ್ಲಿ ಗೌರವವಿದೆ, ಮಾತಿಗೆ ಎಲ್ಲಿದೆ?

1954ರ ಕಲಬೆರಕೆ ತಡೆ ಕಾನೂನು ತಪ್ಪಾದ ಮೇಲೆ ಹಿಡಿಯುವ ಕಾನೂನಾಗಿತ್ತು. 2006ರಲ್ಲಿ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಕಾಯ್ದೆ ಬಂದು 2011ರ ಆಗಸ್ಟ್ 5ರಿಂದ ಜಾರಿಯಾಯಿತು. ತಪ್ಪಾಗುವ ಮೊದಲೇ ತಡೆಯುವುದು ಅದರ ಗುರಿ. ಕೆಟ್ಟ ಆಹಾರದಿಂದ ಸಾವಾದರೆ 5 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಪರಿಹಾರ ಕೊಡಿಸುವ ಕಲಮೂ ಅದರಲ್ಲಿದೆ. ಒಳ್ಳೆಯದು. ಆದರೆ ಸತ್ತ ಮೇಲಿನ ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ ಬದುಕಿರುವಾಗಿನ ಲೆಕ್ಕ ಕಪಾಟಿನಲ್ಲಿ ಕೊಳೆಯುವುದು ಯಾವ ನ್ಯಾಯ?

ಎದುರು ವಾದಗಳು

“ಸಣ್ಣ ಖಾನಾವಳಿ, ಕಾಗದ ಬರೆಯುತ್ತ ಕೂತರೆ ರೊಟ್ಟಿ ಬಡಿಯುವವರು ಯಾರು?” ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಜಗಳ ರೊಟ್ಟಿ ಮಾರಿ ಮಕ್ಕಳನ್ನು ಓದಿಸುವ ತಾಯಿಯೊಂದಿಗೆ ಅಲ್ಲವೇ ಅಲ್ಲ. ಅವಳಿಗೆ ನೂರು ಪುಟದ ಕಡತ ಬೇಡ, ಮಧ್ಯವರ್ತಿಗೆ ದುಡ್ಡು ಸುರಿಯುವುದೂ ಬೇಡ. ಗೋಡೆಗೆ ಅಂಟಿಸಿದ ಒಂದು ಹಾಳೆ, ನೂಲಿನಿಂದ ಕಟ್ಟಿದ ಒಂದು ಪೆನ್ಸಿಲು ಸಾಕು.

“ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ” ಎನ್ನುತ್ತಾರೆ. ಆಗಿದ್ದರೆ ನಿಮಗೆ ಹೇಳುವವರು ಯಾರು? ರಾತ್ರಿ ಉಂಡು ಬೆಳಿಗ್ಗೆ ಭೇದಿಗೆ ಸಿಕ್ಕ ಹಮಾಲ ಅರ್ಜಿ ಹಿಡಿದು ನಿಮ್ಮ ಗಲ್ಲೆಗೆ ಬರುವುದಿಲ್ಲ. ಎರಡು ದಿನದ ಕೂಲಿ ಕಳೆದುಕೊಂಡು ತನ್ನ ಹಣೆಬರಹವನ್ನೇ ಬೈದುಕೊಳ್ಳುತ್ತಾನೆ. ನಾವೂ ಶಿಬಿರದ ಹಿಂದಿನ ರಾತ್ರಿ ಇದೇ ವಾದ ಮಾಡಿದ್ದೆವೆಂಬುದನ್ನು ಮರೆತಿಲ್ಲ.

“ಅಧಿಕಾರಿಗಳು ಬಂದು ನೋಡಿ ಹೋಗಿದ್ದಾರೆ” ಎನ್ನುತ್ತಾರೆ. ಅವರು ನೋಡಿದ್ದು ಅಂದಿನ ಅಡಿಗೆಮನೆಯನ್ನು. ಗಿರಾಕಿ ಉಣ್ಣುವುದು ಇಂದಿನ ಅನ್ನವನ್ನು.

ನಮ್ಮ ಬೇಡಿಕೆಗಳು

ಒಂದು: ಪ್ರತಿಯೊಂದು ಹೊಟೇಲು, ಖಾನಾವಳಿ, ವಸತಿನಿಲಯ, ಕ್ಯಾಂಟೀನಿನ ಅಡಿಗೆಮನೆಯ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಹಾಳೆ ಇರಬೇಕು. ನೀರು, ತಿನಿಸು, ಪಾತ್ರೆ ಸಲಕರಣೆ, ಕೆಲಸಗಾರರು, ಊಟದ ಸಂಖ್ಯೆ, ಸಾಮಾನು ಕೊಡುವವರು — ಈ ಆರರಲ್ಲಿ ಯಾವುದು ಬದಲಾದರೂ ಅಂದಿನ ತಾರೀಖಿನೊಂದಿಗೆ ಬರೆಯಬೇಕು. ಅದಕ್ಕೆ ಏನು ಮಾಡಿದಿರೆಂದು ಪಕ್ಕದಲ್ಲಿ ಬರೆಯಬೇಕು.

ಎರಡು: ಅಡಿಗೆಯವರಿಗೆ ಒಲೆ ಆರಿಸುವ ಹಕ್ಕು ಬೇಕು. ನೀರು, ಎಣ್ಣೆ, ಅನ್ನ ಸರಿಯಿಲ್ಲವೆಂದು ಹೇಳಿ ಬಡಿಸಲು ಒಪ್ಪದವರ ಕೂಲಿ ಕಡಿಯಬಾರದು. ಹೊಟ್ಟೆ ಕೆಟ್ಟ ಕೆಲಸಗಾರನಿಗೆ ಸಂಬಳ ಸಹಿತ ರಜೆ ಕೊಡಬೇಕು. ಇದು ದಯೆಯ ಮಾತಲ್ಲ, ಉಣ್ಣುವವರ ರಕ್ಷಣೆಯ ಮಾತು.

ಮೂರು: ನಗರಸಭೆ, ಪುರಸಭೆಗಳು ನೀರಿನ ಮೂಲ ಬದಲಿಸಿದಾಗ, ಕ್ಲೋರಿನ್ ಕಡಿಮೆಯಾದಾಗ, ಕೊಳವೆ ಒಡೆದಾಗ ಅದೇ ದಿನ ಧ್ವನಿವರ್ಧಕದಲ್ಲಿ ಸಾರಬೇಕು. ತೆರಿಗೆ ಕಟ್ಟಿರೆಂದು ಸಾರುವ ಗಾಡಿ ಇದನ್ನೂ ಸಾರಬಲ್ಲದು.

ನಾಲ್ಕು: ತಪಾಸಣೆಗೆ ಬರುವವರು ಪರವಾನಗಿ ಪತ್ರದ ತಾರೀಖು ನೋಡುವ ಮೊದಲು ಗೋಡೆಯ ಹಾಳೆಯ ಕೊನೆಯ ತಾರೀಖು ನೋಡಬೇಕು. ಸಣ್ಣವರಿಗೆ ದಂಡಕ್ಕಿಂತ ಮೊದಲು ಕಲಿಕೆ. ತಾಲೂಕು ಕೇಂದ್ರದಲ್ಲಿಯೇ ಅಗ್ಗದ ನೀರಿನ ಪರೀಕ್ಷೆ.

ಐದು: ಈ ನಿಯಮ ನಮ್ಮ ಸಭೆ, ಶಿಬಿರ, ಸಮ್ಮೇಳನಗಳ ಅಡಿಗೆಗೂ ಅನ್ವಯಿಸತಕ್ಕದ್ದು. ಆ ಹಿರಿಯ ತಾಯಿಯನ್ನು ಕಳೆದ ಸಲದ ಸಭೆಗೆ ಮತ್ತೆ ಕರೆದೆವು. ಬರುತ್ತಾಳೋ ಇಲ್ಲವೋ ಎಂಬ ಅಳುಕಿತ್ತು, ಬಂದಳು. ಬಂದವಳೇ ಕೇಳಿದಳು: “ಎಷ್ಟು ಮಂದಿ ಬರ್ತಾರ? ನೀರು ಎಲ್ಲಿದು? ಪರಾತ ಎಷ್ಟು ಅದಾವು?” ಮೂರೂ ಉತ್ತರ ಸಿಕ್ಕ ಮೇಲೆಯೇ ಒಲೆ ಹಚ್ಚಿದಳು. ಅವಳಿಗೆ ಅಕ್ಷರ ಬಾರದು. ಹಾಳೆಯ ಮೇಲೆ ನಾವು ಬರೆದೆವು, ಅವಳು ಹೇಳಿದಳು. ಆಹಾರ ಸುರಕ್ಷತಾ ಯೋಜನೆಯನ್ನು ನವೀಕರಿಸುವುದೆಂದರೆ ಇಷ್ಟೇ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಾಳೆ ನೀವು ರಾಯಚೂರಿನಲ್ಲಿಯೋ, ಮಾನ್ವಿ, ದೇವದುರ್ಗದಲ್ಲಿಯೋ ಊಟಕ್ಕೆ ಕೂತಾಗ ಎಲೆಗೆ ನೀರು ಚಿಮುಕಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿರಿ: “ಇವತ್ತಿನ ನೀರು ಎಲ್ಲಿದ್ರೀ?” ಒಬ್ಬರು ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಮಾಲಿಕರು ಅಡಿಗೆಯವರನ್ನು ಕೇಳುತ್ತಾರೆ. ನೂರು ಜನ ಕೇಳಿದರೆ ಕಪಾಟಿನ ಬೀಗ ತಾನಾಗಿ ತೆರೆಯುತ್ತದೆ.